ಹುಳದ ಮನೆಗೆ ಎರಡು ಶರಟು

ಮದುವೆಯ ಚಪ್ಪರದಲ್ಲಿ, ಅತ್ತೆಯ ಎದುರಿಗೇ ಸಿದ್ದಗಂಗಯ್ಯ ಮಾತು ಕೊಟ್ಟಿದ್ದ: ಹಿಪ್ಪುನೇರಳೆ ಹಾಕಿ ಒಳ್ಳೆಯ ಗೂಡು ಬೆಳೆದ ದಿನವೇ ಹೆಂಡತಿ ಗಿರಿಜಾಂಬಳಿಗೆ ರೇಷ್ಮೆ ಸೀರೆ. ಆ ಗೂಡು ಬರಲು ಹನ್ನೊಂದು ವರ್ಷ ಹಿಡಿಯಿತು. ಎಂಬತ್ತನಾಲ್ಕರಲ್ಲಿ ತಮ್ಮೂರು ಕೈಲಾಂಚದಿಂದ ಇಬ್ಬರೂ ಹೊತ್ತು ತಂದ ಮೂಟೆಗಳು ರಾಮನಗರದ ಮಾರ್ಕೆಟ್ಟಿನಲ್ಲಿ ಮಧ್ಯಾಹ್ನದೊಳಗೇ ಒಳ್ಳೆಯ ರೇಟಿಗೆ ಹೋದವು.

"ನಡಿಯಮ್ಮಿ, ಸೀರೆ ಅಂಗಡಿಗೆ," ಎಂದು ಅವನು ಮದುಮಗನ ಗತ್ತಿನಲ್ಲಿ ಮುಂದೆ ನಡೆದ.

ಗಿರಿಜಾಂಬ ಹಿಂದೆಯೇ ಉಳಿದಳು. ರೇಷ್ಮೆ ಸೀರೆ ಉಟ್ಟು ಹೋಗುವುದಾದರೂ ಎಲ್ಲಿಗೆ? ಹುಳಕ್ಕೆ ಸೊಪ್ಪು ಹಾಕಲು ಬಗ್ಗಿದರೆ ಸಾಕು, ಸೆರಗು ಹುಳದ ತಟ್ಟೆಗೆ ಬಿದ್ದು ನಾಲ್ಕಾರು ಹುಳ ಮೆತ್ತಿಕೊಂಡು ಬರುತ್ತಿತ್ತು. ಹೋದ ಬೆಳೆಯಲ್ಲಿ ಒಂದು ಹುಳ ಸೆರಗಿನ ಮಡಿಕೆಯಲ್ಲೇ ಗೂಡು ಕಟ್ಟಿತ್ತು. ಅವಳಿಗೆ ಬೇಕಾಗಿದ್ದುದು ಸೆರಗನ್ನು ಅದುಮಿ ಹಿಡಿಯುವ ಅಂಗಿ. ಸಂಜೆ ಒಗೆದರೆ ಬೆಳಿಗ್ಗೆಗೆ ಒಣಗಬೇಕು, ಇಸ್ತ್ರಿ ಕೇಳಬಾರದು. ಸೋಮವಾರ ಮರಿಹುಳ ಬರುತ್ತವೆ. ಇವತ್ತು ತಪ್ಪಿದರೆ ಇನ್ನೊಂದು ತಿಂಗಳು ಊರು ಬಿಡುವ ಹಾಗಿಲ್ಲ.

ಬಸ್ ಸ್ಟ್ಯಾಂಡ್ ಎದುರಿನ ಬಾಬಾಜಾನ್‌ನ ಸಿದ್ಧ ಉಡುಪಿನ ಅಂಗಡಿಗೆ ಅವಳು ನುಗ್ಗಿಯೇಬಿಟ್ಟಳು. ಶರಟುಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದಳು.

"ಅಕ್ಕಾ, ಎಲ್ಲಾರೂ ಬಟ್ಟೆ ಎಳೆದು ನೋಡ್ತಾರೆ. ನೀವು ಮೂಸಿ ನೋಡ್ತೀರಲ್ಲ!"

"ನುಸಿ ಗುಳಿಗೆ ವಾಸ್ನೆ ಹೊಡೀತೈತೆ ಸಾಬ್ರೆ. ಇದ್ನ ಇಕ್ಕಂಡು ಒಳಕ್ಕೋದ್ರೆ ನನ್ ಹುಳ ಸೊಪ್ಪು ಮುಟ್ಟಾಕಿಲ್ಲ."

ಬಾಬಾಜಾನ್ ನಗುತ್ತಾ ಆಗತಾನೇ ಬಂದಿದ್ದ ಗಂಟು ಬಿಚ್ಚಿದ. ಗುಳಿಗೆ ಸೋಕದ, ಅಗಲ ಜೇಬಿನ ಎರಡು ಚೌಕುಳಿ ಶರಟು ಅವಳ ಕೈಸೇರಿದವು. ಅಷ್ಟರಲ್ಲಿ ಹುಡುಕಿಕೊಂಡು ಬಂದ ಸಿದ್ದಗಂಗಯ್ಯ ಕಣ್ಣರಳಿಸಿದ.

"ನಂಗ್ಯಾಕಮ್ಮಿ ಎರಡೆರಡು?"

"ನಿಮ್ಗಲ್ಲ, ನಂಗೆ."

"ಗಂಡಸ್ರ ಅಂಗಿಯಾ? ನಿಮ್ಮವ್ವಂಗೆ ಏನ್ ಯೋಳ್ಲಿ? ಸೀರೆ ಕೊಡುಸ್ತೀನಿ ಅಂದಿವ್ನಲ್ಲ!"

"ಅವ್ವ ಬಂದು ಸೊಪ್ಪು ಹಾಕ್ತಾಳಾ? ಇಲ್ನೋಡಿ."

ಅವಳು ಸೀರೆಯ ಮೇಲೆಯೇ ಶರಟು ತೊಟ್ಟು, ಗುಂಡಿ ಹಾಕಿ, ಎದುರಿಗೆ ತಟ್ಟೆ ಇರುವಂತೆ ನೆಲದವರೆಗೂ ಬಗ್ಗಿದಳು. ಸೆರಗು ಮಿಸುಕಲಿಲ್ಲ. ಇನ್ನೊಮ್ಮೆ ಬಗ್ಗಿದಳು. ಆಮೇಲೆ ಸುಮ್ಮನೆ ಖುಷಿಗೆ ಮತ್ತೊಮ್ಮೆ.

"ಅಣ್ಣಾ, ನಿಮಗಿಂತ ಅಕ್ಕನಿಗೇ ಒಪ್ತದೆ," ಎಂದ ಬಾಬಾಜಾನ್.

ಹೋದ ಬೆಳೆಯಲ್ಲಿ ಅವಳ ಸೆರಗಿನಿಂದ ಹುಳ ಬಿಡಿಸಿ ಬಿಡಿಸಿ ಬೈದವನು ಸಿದ್ದಗಂಗಯ್ಯನೇ. ಅವನಿಗೆ ನಗು ತಡೆಯಲಾಗಲಿಲ್ಲ.

"ಕಟ್ಟಿ ಸಾಬ್ರೆ, ಎರಡೂ ಕಟ್ಟಿ. ಇವ್ಳು ಅಮಲ್ದಾರಂಗೆ ಕಾಣ್ತಾವ್ಳೆ!"

"ಕಟ್ಟೋದು ಒಂದೇ," ಎಂದಳು ಗಿರಿಜಾಂಬ. ತೊಟ್ಟದ್ದನ್ನು ಬಿಚ್ಚದೆಯೇ ಬಸ್ಸು ಹತ್ತಿದಳು.

ಸೀರೆ ಕೊಳ್ಳಲಿಲ್ಲ. ಸಿದ್ದಗಂಗಯ್ಯ ಕೊಟ್ಟ ಮಾತು ತಪ್ಪಿತು.