ಕೊಲ್ಲಿ ತೆರೆದ ವರ್ಷ

ಅಳಿವೆ ಕಾಯ್ದೆಗೆ ರಾಜಧಾನಿಯಲ್ಲಿ ಸಹಿ ಬಿದ್ದ ದಿನ ನನ್ನ ಗಂಡ ಥರ್ಲೊ ಅಡುಗೆಮನೆಯ ನೆಲದ ಮೇಲೆ ಅಂಗಾತ ಮಲಗಿದ್ದ. ಸೊಂಟ ಹಿಡಿದಾಗಲೆಲ್ಲ ಅವನು ಮಲಗುವುದು ಅಲ್ಲೇ. ಹೊಳೆ ಕಡಲು ಸೇರುವ ಅಳಿವೆಗಳ ಪುನಶ್ಚೇತನ, ನೀರಿನ ಗುಣಮಟ್ಟ, ಪ್ರಾದೇಶಿಕ ನಿಧಿ ಎಂದೆಲ್ಲ ರೇಡಿಯೋದವಳು ಹೇಳುತ್ತಿದ್ದಳು. ನಾನು ಅವನನ್ನು ದಾಟಿಕೊಂಡು ಒಲೆಗೂ ಸಿಂಕಿಗೂ ಓಡಾಡುತ್ತಿದ್ದೆ.

"ಕೇಳಿಸ್ತಾ? ನಮ್ಮ ಕೊಲ್ಲಿಗೂ ದುಡ್ಡು ಬರುತ್ತಂತೆ," ಅಂದೆ.

"ಬರಲಿ ಬಿಡು. ಅಷ್ಟರಲ್ಲಿ ನಾನು ಈ ನೆಲಕ್ಕೇ ಅಂಟ್ಕೊಂಡಿರ್ತೀನಿ. ನನ್ನ ಮೇಲೇ ಚಾಪೆ ಹಾಸ್ಬಿಡು."

ಥರ್ಲೊ ಕಪ್ಪೆಚಿಪ್ಪು ಅಗೆಯುವವನು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಕೆಸರುಬಯಲು ಬಿಡುತ್ತದಲ್ಲ, ಅಲ್ಲಿ ಗಿಡ್ಡ ಹಿಡಿಯ ಹಲ್ಲುಗುದ್ದಲಿ ಹಿಡಿದು, ಬೆನ್ನು ಎರಡಾಗಿ ಮಡಚಿ, ಉಬ್ಬರ ಬರುವ ತನಕ ಅಗೆಯುವ ಕೆಲಸ. ನಮ್ಮ ಮನೆಯೆದುರಿನ ಪ್ಲಮರ್ ಕೊಲ್ಲಿಯಲ್ಲೇ ಬೇಕಾದಷ್ಟು ಚಿಪ್ಪು ಇತ್ತು. ಆದರೆ ನೀರಿನಲ್ಲಿ ಕಕ್ಕಸಿನ ಕ್ರಿಮಿ ಸಿಕ್ಕಿದೆಯೆಂದು ಸರ್ಕಾರ ಅಲ್ಲಿ ಅಗೆಯುವುದನ್ನೇ ನಿಲ್ಲಿಸಿ ಕೊಲ್ಲಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಹಾಗಾಗಿ ಅವನು ದೂರದ ಬಯಲಿಗೆ ಹೋಗುತ್ತಿದ್ದ. ಅಲ್ಲಿ ಕಾಲು ಹೂತುಹೋಗುವ ಕೆಸರಿನಲ್ಲಿ ಚಿಪ್ಪು ತುಂಬಿದ, ಚಕ್ರವಿಲ್ಲದ ಜಾರುಬಂಡಿಯನ್ನು ದಡದ ತನಕ ಎಳೆಯಬೇಕು. ಅಗೆಯುವುದಾದರೆ ಅಗಿ, ಎಳೆಯುವುದನ್ನು ಮಾತ್ರ ಬಿಡು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಮನೆಯೆದುರಿನ ಕೊಲ್ಲಿ ತೆರೆದರೆ ಅವನಿಗೆ ಇನ್ನಷ್ಟು ವರ್ಷ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಬೇರೆ ಕೆಲಸ ಅವನಿಗೆ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ.

ನಾನು ಊರಿನ ಚಿಪ್ಪು ಕಾವಲುಗಾರ್ತಿ. ಪರವಾನಗಿ ನೋಡುವುದು, ಎಳೆಯ ಚಿಪ್ಪು ಕದಿಯುವವರನ್ನು ಹಿಡಿಯುವುದು, ಮುಚ್ಚಿದ ಬಯಲಿಗೆ ಬೋರ್ಡು ಹೊಡೆಯುವುದು ನನ್ನ ಕೆಲಸ. ಕೆಸರಿನ ಪೊಲೀಸ್ ಎಂದು ಊರವರು ನನ್ನನ್ನು ಎದುರಿಗೇ ಕರೆಯುತ್ತಾರೆ. ಕಾಯ್ದೆ ಬಂದ ಮೇಲೆ ಇದಕ್ಕೆ ಇನ್ನೊಂದು ಕೆಲಸ ಸೇರಿತು. ಕೊಲ್ಲಿಯ ಸುತ್ತ ಮನೆಮನೆಗೆ ಹೋಗಿ ಕಕ್ಕಸಿಗೆ ಹಸಿರು ಬಣ್ಣದ ಮಾತ್ರೆ ಹಾಕಿ ನೀರು ಬಿಡಬೇಕು. ಯಾರ ದಡದಲ್ಲಿ ಹಸಿರು ನೀರು ಕಾಣುತ್ತದೋ ಅವರ ಸೆಪ್ಟಿಕ್ ಟ್ಯಾಂಕ್ ಸೋರುತ್ತಿದೆ ಎಂದು ಅರ್ಥ. ಬಡವರ ಮನೆಯಾದರೆ ಹೊಸ ಟ್ಯಾಂಕಿಗೆ ನಿಧಿಯಿಂದ ದುಡ್ಡು. ಅದರಲ್ಲೂ ಬಯಲು ಮುಚ್ಚಿರುವ ಕೊಲ್ಲಿಗಳಿಗೆ ಮೊದಲು, ತೆರೆದಿರುವವಕ್ಕೆ ಕೊನೆಗೆ, ಅದೂ ಉಳಿದರೆ. ಹಾಗೆ ಉಳಿದದ್ದನ್ನು ನಾನಂತೂ ಕಂಡಿಲ್ಲ.

ಹಸಿರು ಎಲ್ಲಿ ಬರುತ್ತದೆ ಎಂಬ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ. ಬೇಸಿಗೆಗೆ ಮಾತ್ರ ಬಂದು ಹೋಗುವವರ ದೊಡ್ಡ ಬಿಳಿ ಮನೆಯೊಂದು ಕೊಲ್ಲಿಯ ಆಚೆ ದಡದಲ್ಲಿದೆ. ಎಲ್ಲ ಅವರದೇ ಹೊಲಸು ಎಂದು ನಾವು ತೀರ್ಮಾನಿಸಿ, ಅವರ ಕಾರು ಎದುರಾದಾಗ ಕೈ ಬೀಸುವುದನ್ನೂ ಬಿಟ್ಟಿದ್ದೆವು. ಹಾಗೆ ದೂರುವುದನ್ನು ಮೊದಲು ಶುರು ಮಾಡಿದವರು ವೆಸ್ಟಾ ಆಂಟಿ.

ವೆಸ್ಟಾ ಆಂಟಿ ನಮ್ಮ ಪಕ್ಕದ ಮನೆಯವರು. ಎಂಬತ್ತು ದಾಟಿದೆ. ಊರಿಗೆಲ್ಲ ಆಂಟಿ, ಯಾರಿಗೂ ನೆಂಟರಲ್ಲ. ಹಿಂದೆ ಗಂಡಸರ ಸಮಕ್ಕೆ ಅಗೆದವರು. ಥರ್ಲೊನ ಅಪ್ಪ ದೋಣಿ ಮಗುಚಿ ಸತ್ತಾಗ ಅವನಿಗೆ ಗುದ್ದಲಿ ಹಿಡಿಯುವುದನ್ನು ಕಲಿಸಿದ್ದು ಅವರೇ. ಅಗೆಯುವವರು ವರ್ಷಕ್ಕಿಷ್ಟು ಗಂಟೆ ಊರಿಗಾಗಿ ಪುಕ್ಕಟೆ ದುಡಿಯಬೇಕು, ಮರಿಚಿಪ್ಪು ಬಿತ್ತಿ ಅದರ ಮೇಲೆ ಬಲೆ ಹಾಸಬೇಕು, ಇಲ್ಲದಿದ್ದರೆ ಪರವಾನಗಿ ಹೋಗುತ್ತದೆ. ಅಗೆಯುವುದನ್ನು ಎಂದೋ ಬಿಟ್ಟಿದ್ದರೂ ಆಂಟಿ ಪ್ರತಿ ವಸಂತದಲ್ಲೂ ಕುರ್ಚಿ ಹಾಕಿಕೊಂಡು ಕೂತು ಬಲೆ ಹೊಲಿದು ತಮ್ಮ ಗಂಟೆ ಮುಗಿಸುತ್ತಿದ್ದರು. ಊರಿನ ಅತಿ ಹಿರಿಯ ಅಗೆತದವರಿಗೆ ಯಾರೂ ಎದುರು ಮಾತಾಡುವುದಿಲ್ಲ. ನಮ್ಮಲ್ಲಿ ಅದೊಂದು ನಡೆದುಬಂದ ರೀತಿ.

ನಾನು ಮಾತ್ರೆ ಹಿಡಿದು ಹೋದಾಗ ಅವರು ಬಾಗಿಲಲ್ಲೇ ಅಡ್ಡ ನಿಂತರು.

"ಇಲ್ಲಿ ಕೊಡೇ ಆರ್ಡಿತ್. ನನ್ನ ಕಕ್ಕಸಿಗೆ ನಾನೇ ಹಾಕ್ತೀನಿ. ನನ್ನ ಗಂಡನೂ ಅಲ್ಲಿಗೆ ಬಾಗಿಲು ತಟ್ಟದೆ ಬಂದೋನಲ್ಲ, ನೀನ್ಯಾವಳು?"

"ಕಾನೂನಿನ ಪ್ರಕಾರ ನಾನೇ ಹಾಕ್ಬೇಕು ಆಂಟಿ."

"ಹೌದಾ? ಹಾಗಾದ್ರೆ ಕಾನೂನಿಗೆ ಹೇಳು, ಬಂದು ನನ್ನ ಸೊಂಟದ ಪಟ್ಟಿನೂ ಕಟ್ಟಲಿ."

ಬೆಳಿಗ್ಗೆಯಿಂದ ಕಂಡವರ ಕಕ್ಕಸು ನೋಡಿ ನೋಡಿ ನನಗೂ ಸಾಕಾಗಿತ್ತು. ಮಾತ್ರೆ ಕೊಟ್ಟು ಬಂದೆ. ಮರುದಿನ ಅವರ ದಡದಲ್ಲಿ ಹಸಿರು ಕಾಣಲಿಲ್ಲ. ಬಿಳಿ ಮನೆಯ ದಡದಲ್ಲಿ ಕಂಡಿತು, ಸಣ್ಣದೊಂದು ಗೆರೆ. ಆ ದಿನ ಊರಿಗೆ ಹಬ್ಬ. ಬೇಸಿಗೆಯವರು ಮುಖ ಸಣ್ಣ ಮಾಡಿಕೊಂಡು ತಮ್ಮ ದುಡ್ಡಿನಲ್ಲೇ ಟ್ಯಾಂಕ್ ಬದಲಿಸಿದರು. ಆಮೇಲೆ ನೀರಿನ ಮಾದರಿ ಒಂದಾದ ಮೇಲೊಂದು ಚೆನ್ನಾಗಿ ಬರತೊಡಗಿ, ಮುಂದಿನ ವಸಂತಕ್ಕೆ ಕೊಲ್ಲಿ ತೆರೆಯಿತು.

ಬೋರ್ಡು ಕೀಳುವ ದಿನ ರಾಜಧಾನಿಯಿಂದ ಶಾಸಕರೊಬ್ಬರು ಬಂದರು. ಕಾಯ್ದೆ ಫಲ ಕೊಟ್ಟ ಮೊದಲ ಕೊಲ್ಲಿ ಇದೇ ಎಂದು ಭಾಷಣ ಮಾಡಿ, ಬೂಟಿಗೆ ಕೆಸರು ತಾಗದಂತೆ ಹಲಗೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡು, ಎರಡು ಬಟ್ಟಲು ಚಿಪ್ಪಿನ ಸೂಪು ಕುಡಿದು ಹೋದರು. ವೆಸ್ಟಾ ಆಂಟಿ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ನನಗೂ ನಾಲ್ಕು ಮಾತಾಡಿ ಎಂದರು. ನಾನು ಥ್ಯಾಂಕ್ಸ್ ಅಂದು ಕೂತೆ.

ಅಲ್ಲಿಂದ ಥರ್ಲೊ ಮನೆಯೆದುರೇ ಅಗೆದ. ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದ. ಅಡುಗೆಮನೆಯ ನೆಲ ನನಗೊಬ್ಬಳಿಗೇ ಸಿಕ್ಕಿತು. ಒಂದು ದಿನ ಸಿಳ್ಳೆ ಹಾಕಿಕೊಂಡು ಬಂದ. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಅವನ ಸಿಳ್ಳೆ ನಾನು ಕೇಳಿದ್ದೇ ಇಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಹಿಮದ ಮೇಲೆ ಹೆಜ್ಜೆಗುರುತು ಕಂಡೆ. ವೆಸ್ಟಾ ಆಂಟಿಯ ಹಿತ್ತಲಿನಿಂದ ಗುಡ್ಡದ ಮೇಲಿನ ಕಾಡಿಗೆ ಕಾಲುದಾರಿಯೇ ಬಿದ್ದಿತ್ತು. ಕಳ್ಳ ಚಿಪ್ಪಿನ ಮೂಟೆಯನ್ನು ಹೀಗೇ ಕಾಡಿನಲ್ಲಿ ಬಚ್ಚಿಡುತ್ತಾರೆ. ಹಾಳು ಕೆಲಸದ ಅಭ್ಯಾಸ, ಹಿಂಬಾಲಿಸಿದೆ. ಅರ್ಧ ಗುಡ್ಡದಲ್ಲಿ ಆಂಟಿ ಸಿಕ್ಕರು. ಒಂದು ಕೈ ಮರಕ್ಕೆ ಕೊಟ್ಟು ಏದುಸಿರು ಬಿಡುತ್ತಿದ್ದರು. ಇನ್ನೊಂದು ಕೈಯಲ್ಲಿ ಮುಚ್ಚಳದ ಬಕೆಟ್.

ಕಕ್ಕಸಿನ ನಾತ ಮುಚ್ಚಳ ದಾಟಿ ಬರುತ್ತಿತ್ತು, ಅದರೊಳಗೆ ಏನೆಂದು ಕೇಳುವ ಅಗತ್ಯ ಬೀಳಲಿಲ್ಲ.

"ಎಷ್ಟು ದಿನದಿಂದ ಆಂಟಿ?"

"ನೀನು ಮಾತ್ರೆ ಕೊಟ್ಟೆಯಲ್ಲ, ಅವತ್ತಿಂದ," ಅಂದರು. "ಹಾಕಿದೆ. ಒಂದು ಇಳಿತ ಮುಗಿಯೋದ್ರೊಳಗೆ ನನ್ನ ಬಂಡೆ ಸಂದಿನಿಂದ ಹಸಿರು ಹರೀತು. ಪಾಚಿ ಎಳೆದು ಮುಚ್ಚಿದೆ. ಅದೂ ಎಂಥ ಹಸಿರು ಅಂತೀಯಾ. ಆ ಬಿಳಿ ಮನೆಯವರಿಗೆ ಎಷ್ಟು ವರ್ಷ ಬೈದಿದೀನಿ ನೋಡು, ನನ್ನದೇ ಅದು."

ಬಟ್ಟೆ ಒಗೆಯುವ ಮಿಷನ್ ಕೆಟ್ಟಿದೆ ಎಂದು ಆಂಟಿ ವಾರವಾರ ನನ್ನ ಕಾರಿನಲ್ಲಿ ಪೇಟೆಯ ಲಾಂಡ್ರಿಗೆ ಬರುತ್ತಿದ್ದುದು, ಥರ್ಲೊ ರಿಪೇರಿ ಮಾಡಿಕೊಡುತ್ತೇನೆಂದರೆ ಬೇಡವೇ ಬೇಡ ಎಂದದ್ದು, ಎಲ್ಲ ಒಟ್ಟಿಗೆ ಅರ್ಥವಾಯಿತು. ಟ್ಯಾಂಕಿಗೆ ಒಂದು ಹನಿಯೂ ಬೀಳದಂತೆ ಪಾತ್ರೆ ತೊಳೆದ ನೀರನ್ನೂ ಅವರು ಗುಡ್ಡ ಹತ್ತಿಸುತ್ತಿದ್ದರು.

"ಹೇಳಿದ್ರೆ ಹೊಸ ಟ್ಯಾಂಕ್ ಬರ್ತಿತ್ತಲ್ಲ ಆಂಟಿ. ದುಡ್ಡು ಅದಕ್ಕೇ ಇರೋದು."

"ಬರ್ತಿತ್ತು, ನನ್ನ ತಿಥಿಗೆ. ಅವರು ಬರಬೇಕು, ಮಣ್ಣು ನೋಡಬೇಕು, ಮೀಟಿಂಗ್ ಮಾಡಬೇಕು, ಮುಂದಿನ ಬಜೆಟ್ ಅನ್ನಬೇಕು. ಅಲ್ಲೀ ತನಕ ಕೊಲ್ಲಿ ಮುಚ್ಚಿರುತ್ತೆ. ಥರ್ಲೊನ ಸೊಂಟ ಕಾಯುತ್ತಾ? ಬಕೆಟ್ಟಾದ್ರೆ ಅವತ್ತೇ ಶುರು. ಕಾಯ್ದೆ ಗೀಯ್ದೆ ಬೇಡ."

"ಬಿದ್ದು ಕಾಲು ಮುರ್ಕೊಂಡ್ರೆ?"

"ಮುರೀಲಿ. ಹೋಗು, ನಿನ್ನ ಕಳ್ಳರನ್ನ ಹಿಡಿ."

ಬಕೆಟ್ ನಾನು ಹೊರುತ್ತೇನೆ ಎಂದರೆ ಕೊಡಲಿಲ್ಲ.

ಮನೆಗೆ ಬಂದೆ. ನಿಜ ಹೇಳಬೇಕೆಂದರೆ ಬಾಯಿ ಮುಚ್ಚಿಕೊಂಡಿರೋಣ ಎಂದೇ ನನಗೆ ಅನ್ನಿಸಿತು. ನೀರು ಶುದ್ಧವಾಗಿಯೇ ಇದೆ, ಯಾರಿಗೂ ಕಾಯಿಲೆಯಿಲ್ಲ, ಗಂಡ ನೆಟ್ಟಗೆ ನಡೆಯುತ್ತಿದ್ದಾನೆ. ನಾನು ಸರ್ಕಾರದವರಿಗೆ ಫೋನ್ ಮಾಡಿದರೆ ಕೊಲ್ಲಿ ಮತ್ತೆ ಮುಚ್ಚಿ ಇದೆಲ್ಲ ಹೋಗುತ್ತದೆ. ಮಾಡದಿದ್ದರೆ ಆ ಮುದುಕಿ ಮಂಜಿನಲ್ಲಿ ಗುಡ್ಡ ಹತ್ತುತ್ತಲೇ ಇರುತ್ತಾರೆ. ಈ ತೂಕ ಹಾಕುವ ಕೆಲಸ ನನ್ನ ತಲೆಗೇ ಯಾಕೆ ಬಂತೋ ಎಂದು ರೇಗಿತು. ಒಬ್ಬಳೇ ಹೊತ್ತುಕೊಳ್ಳಲಾರದೆ ಥರ್ಲೊಗೆ ಹೇಳಿಬಿಟ್ಟೆ.

ಅವನು ತಟ್ಟೆಯಲ್ಲಿದ್ದುದನ್ನು ಮುಗಿಸಿ ಬೂಟು ಹಾಕಿಕೊಂಡು ಪಕ್ಕದ ಮನೆಗೆ ಹೋದ. ನನಗೆ ಕೊಡದ ಬಕೆಟ್ಟನ್ನು ಆಂಟಿ ಅವನಿಗೆ ಹೇಗೆ ಕೊಟ್ಟರೋ ಗೊತ್ತಿಲ್ಲ. ಬಹುಶಃ ಕಿತ್ತುಕೊಂಡಿರಬೇಕು. ಆಮೇಲೆ ದಿನಾ ಬೆಳಿಗ್ಗೆ ಗುಡ್ಡಕ್ಕೆ ಬಕೆಟ್ ಹೊತ್ತು, ಅಲ್ಲಿಂದ ಕೆಸರಿಗೆ ಇಳಿಯತೊಡಗಿದ. ಹೀಗೇ ನಡೆದುಬಿಡಬಹುದು ಎಂದುಕೊಂಡೆ. ಸ್ವಲ್ಪ ಸಮಾಧಾನವೂ ಆಯಿತು.

ಒಂದು ಬೆಳಿಗ್ಗೆ ಅವನು ಕೆಸರಿಗೆ ಹೋಗದೆ ಸೀದಾ ಮನೆಗೆ ಬಂದ.

"ಆರ್ಡಿತ್, ಫೋನ್ ಮಾಡು ಸರ್ಕಾರದವರಿಗೆ."

"ಯಾಕೋ, ಏನಾಯ್ತು? ಸೊಂಟನಾ?"

"ಸೊಂಟಕ್ಕೆ ಬೆಂಕಿ ಬೀಳಲಿ. ಆಂಟಿ ಚಹಾ ಕುಡೀತಿಲ್ಲ ಕಣೇ."

ನನಗೆ ಅರ್ಥವಾಗಲಿಲ್ಲ.

"ನನಗೆ ದಿನಾ ಮಾಡಿ ಕೊಡ್ತಾರೆ. ತಾವು ಕುಡಿಯಲ್ಲ. ಯಾಕೆ ಅಂದ್ರೆ ಈಗ ಸೇರಲ್ಲ ಅಂತಾರೆ. ಜೀವಮಾನ ಪೂರ್ತಿ ಒಲೆಯಿಂದ ಚಹಾ ಕೆಟಲ್ ಇಳಿಸದ ಹೆಂಗಸು. ಇವತ್ತು ನೋಡಿದೆ, ತುಟಿ ಒಡೆದು ರಕ್ತ ಬಂದಿದೆ. ನೀರೂ ಕುಡಿಯಲ್ಲ ಅವರು, ಒಂದು ಗುಟುಕು ಬಿಟ್ರೆ. ಬಕೆಟ್ ಭಾರ ಆಗಬಾರದು ಅಂತ. ಮೊದಲು ಅವರಿಗೆ, ಈಗ ನನಗೆ."

ಅವನು ಗೋಡೆ ಕಡೆ ತಿರುಗಿಕೊಂಡ. ನಾನು ಫೋನ್ ಎತ್ತಿದೆ.

ಸರ್ಕಾರದ ಕಡೆಯಿಂದ ನೀರಿನ ಮಾದರಿ ತೆಗೆಯುವ ಪ್ರಿಸಿಲ್ಲಾ ಬಂದಳು. ಒಳ್ಳೆಯ ಹೆಂಗಸು. ಎಲ್ಲ ಕೇಳಿ ಟೋಪಿ ತೆಗೆದು ತಲೆ ಕೆರೆದುಕೊಂಡಳು.

"ಹೊಸ ಟ್ಯಾಂಕ್ ಖಂಡಿತ ಸಿಗುತ್ತೆ," ಅಂದಳು. "ಆದ್ರೆ ಈ ವರ್ಷದ ನಿಧಿ ಹಂಚಿ ಆಗಿದೆ. ಮುಂದಿನ ವರ್ಷ, ಇಲ್ಲಾ ಅದರಾಚೆ. ಟ್ಯಾಂಕ್ ಆದ್ಮೇಲೂ ಮಾದರಿ ಸಾಲಾಗಿ ಚೆನ್ನಾಗಿ ಬರಬೇಕು. ಸೋರೋ ಟ್ಯಾಂಕ್ ಇದೆ ಅಂತ ಗೊತ್ತಾದ್ಮೇಲೆ ಅಲ್ಲೀ ತನಕ ಕೊಲ್ಲಿ ಮುಚ್ಚಲೇಬೇಕು, ಆರ್ಡಿತ್."

"ಅಷ್ಟರಲ್ಲಿ ಬಕೆಟ್ಟೇ ಸಾಕಾಗಲ್ವಾ?" ನಾನು ಕೇಳಿದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು.

"ವರದಿಯಲ್ಲಿ ಬಕೆಟ್ಟನ್ನ ನಾನು ಏನಂತ ಬರೀಲಿ?" ಅಂದಳು ಪ್ರಿಸಿಲ್ಲಾ.

ಬೋರ್ಡು ಹೊಡೆಯುವುದು ನನ್ನದೇ ಕೆಲಸವಲ್ಲವೇ. ನೆಲ ಹೆಪ್ಪುಗಟ್ಟಿತ್ತು. ಥರ್ಲೊ ಕಂಬ ಹಿಡಿದುಕೊಂಡ, ನಾನು ಸುತ್ತಿಗೆ ಹಿಡಿದೆ. ಇನ್ನು ಅವನು ಆ ಸೊಂಟ ಇಟ್ಟುಕೊಂಡು ದೂರದ ಬಯಲಿಗೆ ಹೋಗುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ವೆಸ್ಟಾ ಆಂಟಿ ಕೋಟು ಹಾಕಿಕೊಂಡು ನಿಧಾನ ಇಳಿದು ಬಂದರು. ಬೋರ್ಡನ್ನು ನೋಡಿದರು, ಆಮೇಲೆ ಥರ್ಲೊನನ್ನು.

"ನನ್ನನ್ನ ಒಂದು ಮಾತು ಕೇಳಿದ್ರಾ ನೀವು?"

"ಇಲ್ಲ ಆಂಟಿ."

"ನಿನಗೋಸ್ಕರ ಹೊತ್ತೆ ಕಣೋ. ಒಂದು ದಿನ ತಪ್ಪಿಸಿಲ್ಲ. ನೀನು ಎಲ್ಲ ತಗೊಂಡು ಹೋಗಿ ಕೆಸರಿಗೆ ಚೆಲ್ಲಿಬಿಟ್ಟೆ."

"ಗೊತ್ತು," ಅಂದ ಥರ್ಲೊ. ಕಂಬವನ್ನು ಬಿಡಲಿಲ್ಲ.

ಅವರು ನಮ್ಮನ್ನು ಕ್ಷಮಿಸಲಿಲ್ಲ. ಕ್ಷಮಿಸುತ್ತಾರೆಂದು ನಾನು ಅಂದುಕೊಂಡೂ ಇರಲಿಲ್ಲ. ತುಸು ಹೊತ್ತು ನೀರಿನ ಕಡೆ ನೋಡುತ್ತ ನಿಂತು, ಮನೆಯ ಕಡೆ ತಿರುಗಿದವರು ಮತ್ತೆ ನಿಂತರು. ಈ ಸಲ ನನ್ನನ್ನು ಕೇಳಿದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಈಗ ಹೇಗೂ ಕೊಲ್ಲಿ ಮುಚ್ಚಿದೆ ಅಂತ ಬೋರ್ಡು ಹಾಕಿದೀಯಲ್ಲ. ನಾನು ಸ್ನಾನ ಮಾಡ್ಬಹುದಾ?"

"ಮಾಡಿ ಆಂಟಿ."

"ತೊಟ್ಟಿ ತುಂಬ?"

"ತೊಟ್ಟಿ ತುಂಬ ಮಾಡಿ."

ಅವರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಸ್ನಾನದ ಮನೆಯ ಕಿಟಕಿಯ ಹಿಂದೆ ನೀರು ಬಿಟ್ಟ ಸದ್ದು ಕೇಳಿಸಿತು. ಇನ್ನೂ ಒಂದು ಮೊಳೆ ಬಾಕಿಯಿತ್ತು. ಥರ್ಲೊ ಕೈಯೆತ್ತಿ ನನ್ನನ್ನು ತಡೆದ. ಅವರು ನಲ್ಲಿ ನಿಲ್ಲಿಸುವ ತನಕ ನಾವಿಬ್ಬರೂ ಆ ಚಳಿಯಲ್ಲಿ ಹಾಗೇ ನಿಂತಿದ್ದೆವು.