ಬಿಸಿ ಪುಡಿಗೆ ತಕ್ಕ ಲೇಬಲ್

ಸಾವಿತ್ರಮ್ಮನವರ ಕಾಫಿಪುಡಿಗೆ ಜಾವಳಿ ಊರಿನಲ್ಲಿ ಎಲ್ಲರೂ ಹೇಳುತ್ತಿದ್ದದ್ದು ‘ರೈಟರ್ ಮನೆ ಪುಡಿ’ ಎಂದೇ. ಹುರಿಯುವವರು ಇವರು, ಬೀಸುವವರು ಇವರು, ಹೆಸರು ಮಾತ್ರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಗಂಡನದು. ಇಪ್ಪತ್ತು ವರ್ಷ ಹಾಗೇ ನಡೆಯಿತು. ಈಗ ಚಿಕ್ಕಮಗಳೂರಿನ ಅಂಗಡಿಯೊಂದು ಐವತ್ತು ಪ್ಯಾಕೆಟ್ ಕೇಳಿತ್ತು. ಇವತ್ತು ಹನ್ನೊಂದೂವರೆ ಬಸ್ಸಿಗೇ ಕಳಿಸಬೇಕು, ಮಾಡಿದವರ ಹೆಸರು ಮೇಲೆ ಕಾಣಬೇಕು. ಸಾವಿತ್ರಮ್ಮ ಹಿಗ್ಗಿ ಲೇಬಲ್ ಪ್ರಿಂಟರನ್ನೇ ತರಿಸಿಬಿಟ್ಟಿದ್ದರು.

ಬಿಸಿಯಿರುವಾಗಲೇ ಕಟ್ಟಿದರೆ ಘಮ ಉಳಿಯುತ್ತದೆ ಎಂಬುದು ಅವರ ಹಟ. ಗಿರಣಿಯಿಂದ ಬಿದ್ದ ಕೈಸುಡುವ ಪುಡಿಯನ್ನು ತುಂಬಿ, ಹೆಸರು ಅಚ್ಚಾದ ಲೇಬಲ್ ಅಂಟಿಸಿ, ಕಣ್ತುಂಬ ನೋಡೋಣವೆಂದು ತಿರುಗಿದರೆ ಎಲ್ಲ ಲೇಬಲ್ಲೂ ಬಾಣಲೆ ತಳದಂತೆ ಕರ್ರಗೆ! ಹೆಸರು ಮಂಗಮಾಯ. ಆಗಲೇ ಹತ್ತು ಗಂಟೆ. ಅವರಿಗೆ ಅಳುವೇ ಬಂತು.

ರಸ್ತೆ ಬದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶಾಝಿಯಾಗೆ ಫೋನು ಹೋಯಿತು. ಅವಳು ಬಂದವಳೇ ಖಾಲಿ ಲೇಬಲ್ಲೊಂದನ್ನು ಉಗುರಿನಿಂದ ಜೋರಾಗಿ ಗೀಚಿದಳು. ಕಪ್ಪು ಗೆರೆ ಮೂಡಿತು.

“ನೋಡಿ ಅಮ್ಮ, ಬಣ್ಣ ಈ ಕಾಗ್ದದ ಮೈಯಲ್ಲೇ ಅಡಗಿರ್ತದೆ. ಮಿಷನ್ ಬಿಸಿ ಮುಟ್ಟಿಸಿದ ಕಡೆ ಕಪ್ಪಾಗ್ತದೆ, ಅದೇ ಅಕ್ಷರ. ನಿಮ್ಮ ಪುಡಿ ಎಲ್ಲಾ ಕಡೆನೂ ಬಿಸಿ ಮುಟ್ಟಿಸ್ತು. ಬಸ್ ಟಿಕೆಟಿಗೆ ಇದು ಸಾಕು, ನಿಮ್ಗೆ ಸಾಲದು.”

“ಮತ್ತೆಂಥ ಮಾಡೋದು ಮಾರಾಯ್ತಿ?”

“ಇದೇ ಮಿಷನ್ನಲ್ಲಿ ಇನ್ನೊಂದು ದಾರಿ ಉಂಟು. ರಿಬ್ಬನ್ ಹಾಕಿದ್ರೆ ಅದ್ರ ಮೇಣದ ಮಸಿ ಬಿಸಿಗೆ ಕರಗಿ ಸಾದಾ ಕಾಗ್ದಕ್ಕೆ ಅಂಟ್ತದೆ. ಕಾಗ್ದ ಕಪ್ಪಾಗಲ್ಲ. ಸಾದಾ ಲೇಬಲ್ ನಾನೇ ತಂದಿದೀನಿ. ಮಿಷನ್ ಡಬ್ಬದಲ್ಲಿ ಆ ರಿಬ್ಬನ್ನಿನ ಕಪ್ಪು ಸುರುಳಿ ಇತ್ತಲ್ಲ, ಎಲ್ಲಿ?”

ಸಾವಿತ್ರಮ್ಮನ ಮುಖ ಚಿಕ್ಕದಾಯಿತು. ಮಿಷನ್ನಿನ ಜೊತೆ ಬಂದ ಪುಸ್ತಕವನ್ನು ಯಾರು ಓದುತ್ತಾರೆ ಹೇಳಿ? ಮಿರಮಿರ ಮಿಂಚುವ ಆ ಪಟ್ಟಿಯನ್ನು ಅವರು ಹಕ್ಕಿ ಬೆದರಿಸಲೆಂದು ನಿನ್ನೆ ಭತ್ತದ ಸಸಿಮಡಿಗೆ ಕಟ್ಟಿದ್ದರು!

ಇಬ್ಬರೂ ಗದ್ದೆಗೆ ಓಡಿದರು. ಅರ್ಧ ರಿಬ್ಬನ್ ಗಾಳಿಗೆ ಪಟಪಟ ಎನ್ನುತ್ತಿತ್ತು. ಉಳಿದರ್ಧ ಪುಣ್ಯಕ್ಕೆ ಬಿಚ್ಚದೆ ಗೂಟದಲ್ಲೇ ನೇತಾಡುತ್ತಿತ್ತು.

“ಹಕ್ಕಿ ಬಂತಾ ಅಮ್ಮ?”

“ಒಂದೂ ಇಲ್ಲ ಕಣೆ!”

ಶಾಝಿಯಾ ಬಿದ್ದು ಬಿದ್ದು ನಕ್ಕಳು. ಸಾವಿತ್ರಮ್ಮನಿಗೂ ನಗು ತಡೆಯಲಾಗಲಿಲ್ಲ.

ಇಬ್ಬನಿ ತಾಗಿದ ಸುತ್ತುಗಳನ್ನು ಕಿತ್ತೆಸೆದು, ಉಳಿದದ್ದನ್ನು ಮಿಷನ್ನಿಗೆ ಸಿಕ್ಕಿಸಿದರು. ಮೊದಲ ಲೇಬಲ್ಲನ್ನು ಸಾವಿತ್ರಮ್ಮ ಇನ್ನೂ ಬಿಸಿಯಾರದ ಪ್ಯಾಕೆಟ್ಟಿನ ಕಪ್ಪು ಲೇಬಲ್ಲಿನ ಮೇಲೇ ಅಂಟಿಸಿ, ಅದರ ಮೇಲೆ ಅಂಗೈಯಿಟ್ಟು ಉಸಿರು ಬಿಗಿಹಿಡಿದು ನಿಂತರು. ಕೈ ತೆಗೆದರೆ ಬಿಳಿ ಕಾಗದ ಬಿಳಿಯಾಗೇ ಇತ್ತು, ಅಕ್ಷರ ಅಲುಗಿರಲಿಲ್ಲ. ಇನ್ನು ನಲವತ್ತೊಂಬತ್ತಕ್ಕೆ ಎಷ್ಟು ಹೊತ್ತು?

ಬಸ್ಸು ಹಾರ್ನ್ ಹಾಕುವಾಗ ಪೆಟ್ಟಿಗೆ ರಸ್ತೆ ಮುಟ್ಟಿತು. ಕಂಡಕ್ಟರ್ ಒಂದು ಪ್ಯಾಕೆಟ್ ಎತ್ತಿ ಓದಿದ.

“ಸಾವಿತ್ರಮ್ಮ ಕಾಫಿಪುಡಿ... ಯಾರಿದು ಸಾವಿತ್ರಮ್ಮ?”

“ನಾನೇ ಮಾರಾಯ!” ಎಂದರು ಅವರು, ಹಿಂದಿನ ಸೀಟಿನವರಿಗೂ ಕೇಳುವಂತೆ.