ಒಗೆದ ಕೋಟು

ಬಕೆಟ್ಟಿನಿಂದ ಬಿಳಿ ಕೋಟನ್ನು ಎತ್ತಿ ಹಿಂಡುತ್ತಿದ್ದ ನಾದಿನಿಯ ಕೈಯಿಂದ ಅವಳು ಅದನ್ನು ಕಿತ್ತುಕೊಂಡು ಮುಖಕ್ಕೆ ಒತ್ತಿಕೊಂಡಳು. ಬರೀ ಸೋಪಿನ ವಾಸನೆ.

"ಒಗೆದೇಬಿಟ್ಟೆಯಾ?"

"ಅಣ್ಣನಿಗೆ ಇದನ್ನೇ ಹಾಕಿ ಕಳಿಸೋಣ ಅಂತ, ಅತ್ತಿಗೆ. ತೋಳೆಲ್ಲ ಕಲೆ ಆಗಿತ್ತು." ನಾದಿನಿಗೆ ಮಾತಿಗೆ ಮುಂಚೆ ಅಳು. "ನಾನೇನು ತಪ್ಪು ಮಾಡಿದೆ?"

ತಪ್ಪೇನೂ ಇರಲಿಲ್ಲ. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಸಹಾಯಕನಾಗಿದ್ದವನಿಗೆ ಒಪ್ಪುವ ಉಡುಪು ಅದೇ. ಆದರೆ ಬೆಳಗಿನಿಂದ ಅವಳು ಒಂದೇ ಒಂದು ಆಸೆಯನ್ನು ಹಿಡಿದುಕೊಂಡು ಕುಳಿತಿದ್ದಳು: ಜನ ಕರಗಿದ ಮೇಲೆ ಬಾಗಿಲ ಹಿಂದಿನ ಆ ಕೋಟಿಗೆ ಮುಖವಿಟ್ಟು, ತೀರಿಕೊಂಡ ಗಂಡ ಮನೆಗೆ ತರುತ್ತಿದ್ದ ಬಾಳೆಹಣ್ಣಿನ ವಾಸನೆಯನ್ನು ಇನ್ನೊಮ್ಮೆ ಎದೆ ತುಂಬ ಎಳೆದುಕೊಳ್ಳಬೇಕು. ಅದೂ ಬಕೆಟ್ಟಿನ ನೀರಿನ ಜೊತೆ ಮೋರಿಗೆ ಹೋಗಿತ್ತು.

*

ಮದುವೆಯಾದ ಹೊಸತರಲ್ಲಿ ಆ ವಾಸನೆಯ ಮೂಲ ಹುಡುಕಿ ಅವಳು ಅವನ ಚೀಲ, ಜೇಬು, ಊಟದ ಡಬ್ಬಿ ಎಲ್ಲವನ್ನೂ ತಡಕಾಡಿದ್ದಳು.

"ಹಣ್ಣು ಎಲ್ಲಿ ಬಚ್ಚಿಟ್ಟಿದ್ದೀರಿ?"

"ಹಣ್ಣೂ ಇಲ್ಲ, ಸಿಪ್ಪೆನೂ ಇಲ್ಲ ಕಣೇ. ಆಲ್ಕೋಹಾಲಿಗೆ ಆಸಿಡ್ ಬೆರೆಸಿ ಬಿಸಿನೀರಲ್ಲಿ ಇಟ್ಟರೆ ಬರೋ ವಾಸನೆ ಅದು."

ಆಮೇಲೆ ಪಾಠ ಶುರುವಾಯಿತು. ಕೇಳುವವರು ಸಿಕ್ಕರೆ ಅವನು ಬಿಡುವ ಆಸಾಮಿಯಲ್ಲ. ಆಲ್ಕೋಹಾಲಿನಲ್ಲಿ ಮೂರು ಬಗೆ: ಪ್ರೈಮರಿ, ಸೆಕೆಂಡರಿ, ಟರ್ಷಿಯರಿ. ಲ್ಯಾಬಿನ ಒಂದು ದ್ರಾವಣ ಹಾಕಿದ ತಕ್ಷಣ ಟರ್ಷಿಯರಿ ಮಸುಕಾಗುತ್ತದೆ. ಸೆಕೆಂಡರಿಗೆ ಐದು ನಿಮಿಷ ಬೇಕು. ಪ್ರೈಮರಿ ಮಾತ್ರ ಏನೂ ಆಗದವರ ಹಾಗೆ ತಿಳಿಯಾಗಿಯೇ ಇರುತ್ತದೆ.

"ನನ್ನ ತಂಗಿ ಟರ್ಷಿಯರಿ, ಮುಟ್ಟಿದರೆ ಕಣ್ಣೀರು. ನಾನು ಸೆಕೆಂಡರಿ. ನೀನು ಪ್ರೈಮರಿ."

"ಅಂದ್ರೆ ನನ್ನದು ಕಲ್ಲು ಮನಸ್ಸು ಅಂತಲಾ?"

"ಅಲ್ವೇ, ಬಾಳೆಹಣ್ಣಿನ ವಾಸನೆ ಕೊಡೋದೂ ಒಂದು ಪ್ರೈಮರಿನೇ. ಬಿಸಿ ತಾಗಬೇಕು, ಅಷ್ಟೆ."

ಅವಳು ಮೂತಿ ತಿರುವಿದ್ದಳು. ಮುಂದೆ ಮೂವತ್ತು ವರ್ಷ, ತಲೆನೋವು ಬರುತ್ತದೆ, ಆ ಕೋಟನ್ನು ಹೊರಗೆ ತೂಗುಹಾಕಿ ಎಂದು ರಂಪ ಮಾಡುತ್ತಲೇ ಬಂದಳು. ಒಂದು ದಿನವಾದರೂ ಸುಮ್ಮನಿರಬಾರದಿತ್ತೇ?

*

ಕೋಟು ಒಣಗಲಿಲ್ಲ. ಅದಿಲ್ಲದೆಯೇ ಅವನನ್ನು ಮಣ್ಣು ಮಾಡಿದರು. "ಒಂದು ಹನಿ ಕಣ್ಣೀರಿಲ್ಲ ನೋಡು," ಎಂದು ಹಿಂದೆ ಯಾರೋ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತು. ಅಳು ಬರಲಿ ಎಂದು ಅವಳಿಗೂ ಇತ್ತು, ಬರುತ್ತಿರಲಿಲ್ಲ. ಒದ್ದೆ ಕೋಟು ಅವಳ ಕೈಯಲ್ಲಿದ್ದ ಚೀಲದಲ್ಲಿ ತಣ್ಣಗೆ ಕುಳಿತಿತ್ತು.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವರು ಲ್ಯಾಬಿನ ಮೇಡಂ.

"ಕಾಲೇಜಿಂದ ನಾನೊಬ್ಬಳೇ ಬಂದೆ, ತಪ್ಪು ತಿಳೀಬೇಡಿ ಅಮ್ಮ. ಇವತ್ತು ಪ್ರಾಕ್ಟಿಕಲ್ ಪರೀಕ್ಷೆ, ಮುಂದೆ ಹಾಕೋಕೆ ಆಗಲಿಲ್ಲ. ಹೋದ ವಾರ ಅವರು ತುಂಬಿಟ್ಟ ಬಾಟಲಿಗಳಲ್ಲೇ ನಡೀತಿದೆ."

"ಯಾವುದರ ಪರೀಕ್ಷೆ?"

"ಆಲ್ಕೋಹಾಲ್."

"ಬಾಳೆಹಣ್ಣಿನ ವಾಸನೆ ಬರುತ್ತಲ್ಲ, ಅದಾ?"

ಮೇಡಂ ಕನ್ನಡಿಯಲ್ಲಿ ಅವಳನ್ನು ನೋಡಿ, "ಹೂಂ," ಎಂದರು.

"ಅಲ್ಲಿಗೇ ಹೋಗೋಣ."

"ಅತ್ತಿಗೆ, ಮನೇಲಿ ಜನ ಕಾಯ್ತಿದ್ದಾರೆ," ಎಂದಳು ಪಕ್ಕದಲ್ಲಿದ್ದ ನಾದಿನಿ. "ಏನಂದುಕೊಳ್ತಾರೆ?"

"ಅಂದುಕೊಳ್ಳಲಿ. ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ?"

ಕಾಲೇಜಿನ ಮೆಟ್ಟಿಲಿನ ತಿರುವಿನಲ್ಲೇ ವಾಸನೆ ಸಿಕ್ಕಿತು. ಅವಳು ಕಂಬಿ ಹಿಡಿದು ಒಂದು ಕ್ಷಣ ನಿಂತಳು, ಆಮೇಲೆ ಬೇಗ ಬೇಗ ಹತ್ತಿದಳು. ಒಳಗೆ ಬಿಸಿನೀರಿನ ಬೀಕರುಗಳಲ್ಲಿ ಗಾಜಿನ ನಳಿಕೆಗಳು ನಿಂತಿದ್ದವು. ಬಾಟಲಿಗಳ ಮೇಲೆಲ್ಲ ಅವನ ಓರೆ ಅಕ್ಷರ. ಬಾಗಿಲ ಪಕ್ಕದ ಮೊಳೆ ಖಾಲಿ ಇತ್ತು. ಅವಳು ಚೀಲದಿಂದ ಕೋಟು ತೆಗೆದು, ಕೊಡವಿ, ಆ ಮೊಳೆಗೆ ತೂಗುಹಾಕಿ ಕೆಳಗಿನ ಸ್ಟೂಲಿನ ಮೇಲೆ ಕುಳಿತಳು. ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು, ಪರೀಕ್ಷೆ ಬರೆಯುತ್ತಿದ್ದ ಮಕ್ಕಳು ಕೈಯ ಕೆಲಸ ನಿಲ್ಲಿಸಿ ನೋಡುವಷ್ಟು.

ಗಾಳಿಯಾಡಲಿ ಎಂದು ಮೇಡಂ ಕಿಟಕಿಯ ಚಿಲಕಕ್ಕೆ ಕೈ ಹಾಕಿದರು.

"ತೆಗೀಬೇಡಿ ಮೇಡಂ," ಎಂದಳು ಅವಳು. "ಕೋಟು ಇನ್ನೂ ಒಣಗಿಲ್ಲ. ಈ ವಾಸನೆಯಲ್ಲೇ ಒಣಗಲಿ."